ಅನುದಾನ ಬಂತು, ಆದರೆ ದುಡ್ಡು ಯಾರ ಕೈಗೆ ಬಂತು?

ಪ್ರಾಧ್ಯಾಪಕರೊಬ್ಬರಿಗೆ ದೊಡ್ಡ ಮೊತ್ತದ ಸಂಶೋಧನಾ ಅನುದಾನ ಸಿಕ್ಕಿದೆ ಅಂತ ಸುದ್ದಿ ಬಂದರೆ ಮೊದಲು ಫೋನ್ ಮಾಡೋದು ನೆಂಟರು. "ಇನ್ನೇನಪ್ಪಾ, ಹೊಸ ಕಾರಾ?" ಅಂತ ತಮಾಷೆ. ಪಾಪ, ಅವರಿಗೆ ಹಳೇ ಕಾರೇ ಗತಿ. ಆ ಮೊತ್ತದಲ್ಲಿ ಒಂದು ಬಿಡಿಗಾಸೂ ಅವರ ಸ್ವಂತ ಖಾತೆಗೆ ಬೀಳದೇ ಇರಬಹುದು. ಬದಲಿಗೆ ಮೂರೋ ಐದೋ ವರ್ಷದ ಕೆಲಸ, ಲೆಕ್ಕಪತ್ರ, ವರದಿ ಎಲ್ಲ ಹೆಗಲೇರಿರುತ್ತದೆ.

ತಪ್ಪು ನೆಂಟರದ್ದೂ ಅಲ್ಲ. ಅನುದಾನ ಅನ್ನೋ ಪದದ ಒಳಗೇ ದಾನ ಕೂತಿದೆ. ಕೇಳಿದವರಿಗೆ ಯಾರೋ ಕೈಯೆತ್ತಿ ಕೊಟ್ಟಂತೆ ಅನಿಸುತ್ತದೆ. ನಿಜಕ್ಕೂ ಅದು ಒಂದು ಪ್ರಶ್ನೆಯ ಖರ್ಚಿನ ದುಡ್ಡು. "ಈ ಪ್ರಶ್ನೆಗೆ ಉತ್ತರ ಹುಡುಕ್ತೀನಿ, ಇಷ್ಟು ದಿನ ಹಿಡಿಯುತ್ತೆ, ಇಷ್ಟು ಖರ್ಚಾಗುತ್ತೆ" ಅಂತ ಒಬ್ಬರು ಬರೆದುಕೊಡುತ್ತಾರೆ. "ಸರಿ, ಹುಡುಕಿ" ಅಂತ ಇನ್ನೊಬ್ಬರು ಒಪ್ಪುತ್ತಾರೆ. ಒಪ್ಪಂದ ಆಗೋದು ಹೆಚ್ಚಾಗಿ ದುಡ್ಡು ಕೊಡುವ ಸಂಸ್ಥೆಗೂ ವಿಶ್ವವಿದ್ಯಾಲಯಕ್ಕೂ ನಡುವೆ. ದುಡ್ಡು ಬಂದು ಕೂರೋದು ವಿಶ್ವವಿದ್ಯಾಲಯದ ಖಾತೆಯಲ್ಲಿ. ಪ್ರಾಧ್ಯಾಪಕರು ಆ ಯೋಜನೆಯ ಪ್ರಧಾನ ಸಂಶೋಧಕರು, ಎಲ್ಲರೂ ಕರೆಯೋದು ಪಿಐ ಅಂತ. ಯಾವುದಕ್ಕೆ ಎಷ್ಟು ಖರ್ಚು ಮಾಡಬೇಕು ಅಂತ ಅವರು ಹೇಳಬಹುದು, ಸಹಿ ಹಾಕಬಹುದು. ಜೇಬಿಗೆ ಹಾಕಿಕೊಳ್ಳೋಕೆ ಆಗಲ್ಲ.

ಒಂದು ಹಳೇ ಕಥೆ ಇಲ್ಲಿ ಚೆನ್ನಾಗಿ ಹೊಂದುತ್ತದೆ. ಸಮುದ್ರದ ನಡುವೆ ಹಡಗು ಯಾವ ರೇಖಾಂಶದಲ್ಲಿದೆ ಅಂತ ಕಂಡುಹಿಡಿಯುವ ಉಪಾಯ ತೋರಿಸಿದವರಿಗೆ 20,000 ಪೌಂಡ್‌ವರೆಗೆ ಬಹುಮಾನ ಅಂತ ಬ್ರಿಟಿಷ್ ಸಂಸತ್ತು 1714ರಲ್ಲಿ ಘೋಷಿಸಿತು. ಹೊರಟ ಊರಿನ ಸಮಯ ಹಡಗಿನಲ್ಲಿ ಸರಿಯಾಗಿ ಗೊತ್ತಿದ್ದರೆ, ಅಲ್ಲಿನ ಸಮಯದ ಜೊತೆ ಹೋಲಿಸಿ ರೇಖಾಂಶ ಲೆಕ್ಕ ಹಾಕಬಹುದು. ಜಾನ್ ಹ್ಯಾರಿಸನ್ ಅನ್ನೋ ಬಡಗಿ ಅದಕ್ಕೆಂದೇ ಒಂದು ಗಡಿಯಾರ ಮಾಡಿ ತಂದ. ಹಡಗಿನಲ್ಲಿ ಪರೀಕ್ಷೆಯೂ ಆಯಿತು. ಪರವಾಗಿಲ್ಲ ಅನ್ನುವಷ್ಟು ಚೆನ್ನಾಗಿ ನಡೆಯಿತು. ಆದರೆ ಹ್ಯಾರಿಸನ್ನನಿಗೇ ತೃಪ್ತಿ ಇರಲಿಲ್ಲ, ಇನ್ನೂ ಒಳ್ಳೇದು ಮಾಡ್ತೀನಿ ಅಂದ. 1737ರಲ್ಲಿ, ಆ ಬಹುಮಾನದ ಉಸ್ತುವಾರಿ ಹೊತ್ತಿದ್ದ ರೇಖಾಂಶ ಮಂಡಳಿ ಅವನಿಗೆ 500 ಪೌಂಡ್ ಮಂಜೂರು ಮಾಡಿತು. ಅರ್ಧ ಈಗಲೇ, ಉಳಿದರ್ಧ ಗಡಿಯಾರ ತಂದೊಪ್ಪಿಸಿದ ಮೇಲೆ.

ಆ 20,000 ಪೌಂಡ್ ಬಹುಮಾನ, ಕೆಲಸ ಮುಗಿದ ಮೇಲೆ ಸಿಗೋದು. ಈ 500 ಪೌಂಡ್ ಅನುದಾನ, ಅರ್ಧವಾದರೂ ಕೆಲಸ ಮಾಡೋಕೆ ಅಂತ ಮೊದಲೇ ಸಿಗೋದು. ಬಹುಮಾನದಲ್ಲಿ ಸೋಲಿನ ಭಾರ ಕೆಲಸ ಮಾಡಿದವನ ಮೇಲೆ. ಅನುದಾನದಲ್ಲಿ ಆ ಭಾರವನ್ನು ದುಡ್ಡು ಕೊಟ್ಟವರು ಹೊರುತ್ತಾರೆ. ಹ್ಯಾರಿಸನ್ನನ ಎರಡನೇ ಗಡಿಯಾರದ ಕಥೆ ಏನಾಯಿತು ಗೊತ್ತಾ? ಅದರಲ್ಲಿ ಒಂದು ದೋಷ ಅವನ ಕಣ್ಣಿಗೇ ಬಿತ್ತು. ಸಮುದ್ರದ ಪರೀಕ್ಷೆಗೆ ಅದು ಹೋಗಲೇ ಇಲ್ಲ. ಅದನ್ನು ಬದಿಗಿಟ್ಟು ಮೂರನೆಯದಕ್ಕೆ ಕೈಹಾಕಿದ, ಅದರಲ್ಲೇ 19 ವರ್ಷ ಕಳೆದ. ಹಡಗಿನಲ್ಲಿ ನಿಜಕ್ಕೂ ಗೆದ್ದದ್ದು ನಾಲ್ಕನೆಯದು. "ಯೋಜನೆಯ ಅವಧಿ ವಿಸ್ತರಿಸಿ" ಅಂತ ಪತ್ರ ಬರೆದು ಅಭ್ಯಾಸ ಇರುವ ಯಾವ ಪ್ರಾಧ್ಯಾಪಕರಿಗಾದರೂ ಇದು ಪರಿಚಿತ ಕಥೆಯೇ.

ಹದಿನೈದು ಪುಟದ ಮಾತು

ದುಡ್ಡು ಕೊಡುವವರು ಯಾರು? ಹೆಚ್ಚಿನ ದೇಶಗಳಲ್ಲಿ ಮೂಲ ವಿಜ್ಞಾನಕ್ಕೆ ದೊಡ್ಡ ಪಾಲು ಸರ್ಕಾರಿ ಸಂಸ್ಥೆಗಳದ್ದು. ಅಮೆರಿಕದ ನ್ಯಾಷನಲ್ ಸೈನ್ಸ್ ಫೌಂಡೇಶನ್ 1950ರಲ್ಲಿ ಹುಟ್ಟಿತು, ಯುರೋಪಿಯನ್ ರಿಸರ್ಚ್ ಕೌನ್ಸಿಲ್ 2007ರಲ್ಲಿ. ವೆಲ್‌ಕಮ್ ಟ್ರಸ್ಟ್‌ನಂಥ ಖಾಸಗಿ ದತ್ತಿಗಳಿವೆ. ಕಂಪನಿಗಳಿವೆ, ಆದರೆ ಅವಕ್ಕೆ ಬೇಕಾದ್ದು ಅವರ ಪ್ರಶ್ನೆಗೆ ಉತ್ತರ. ವಿಶ್ವವಿದ್ಯಾಲಯಗಳು ಕೂಡ ತಮ್ಮ ಹೊಸ ಅಧ್ಯಾಪಕರಿಗೆ ಬೀಜಧನ ಅಂತ ಸಣ್ಣ ಮೊತ್ತ ಕೊಡುತ್ತವೆ. ಅದರಿಂದ ಮೊದಲ ಒಂದಿಷ್ಟು ಫಲಿತಾಂಶ ತೆಗೆದು, ಆಮೇಲೆ ಹೊರಗಿನ ದೊಡ್ಡ ಅನುದಾನಕ್ಕೆ ಅರ್ಜಿ ಹಾಕಲಿ ಅಂತ ಲೆಕ್ಕ.

ಅರ್ಜಿ ಅಂದರೆ ಫಾರಂ ತುಂಬೋದಲ್ಲ, ಪ್ರಪೋಸಲ್ ಬರೆಯೋದು. ನ್ಯಾಷನಲ್ ಸೈನ್ಸ್ ಫೌಂಡೇಶನ್‌ಗೆ ಬರೆಯುವಾಗ ಯೋಜನೆಯ ವಿವರಣೆಗೆ 15 ಪುಟದ ಮಿತಿ. ಅಮೆರಿಕದ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನ ಪ್ರಮುಖ ಅನುದಾನವಾದ ಆರ್01ಗೆ 12 ಪುಟ, ಅದಕ್ಕೆ ಮುಂಚೆ ಗುರಿಗಳನ್ನು ಹೇಳುವ ಒಂದೇ ಒಂದು ಪುಟ. ಆ ಒಂದು ಪುಟಕ್ಕೆ ತಿಂಗಳುಗಟ್ಟಲೆ ತಿದ್ದುಪಡಿ ನಡೆಯುತ್ತದೆ. ಓದುವವರು ಅಲ್ಲೇ ಅರ್ಧ ಮನಸ್ಸು ಮಾಡಿಬಿಡುತ್ತಾರೆ ಅಂತ ಎಲ್ಲರಿಗೂ ಗೊತ್ತು.

ಒಂದು ಕಾಲ್ಪನಿಕ ಪ್ರಪೋಸಲ್ ನೋಡೋಣ. ಜೇನುನೊಣದ ಹೊಟ್ಟೆಯಲ್ಲಿರುವ ಬ್ಯಾಕ್ಟೀರಿಯಾ ಕೀಟನಾಶಕದಿಂದ ಸತ್ತರೆ ನೊಣಕ್ಕೆ ದಾರಿ ತಪ್ಪುತ್ತದಾ ಅನ್ನೋದು ಪ್ರಶ್ನೆ. ಬರೆಯುವವರು ಒಂದು ವಿಚಿತ್ರ ಇಕ್ಕಟ್ಟಿನಲ್ಲಿರುತ್ತಾರೆ. "ಇದು ಯಾರಿಗೂ ಗೊತ್ತಿಲ್ಲದ ವಿಷಯ" ಅಂತ ತೋರಿಸಬೇಕು, ಇಲ್ಲದಿದ್ದರೆ ದುಡ್ಡು ಯಾಕೆ? ಅದೇ ಉಸಿರಿನಲ್ಲಿ "ಇದು ಖಂಡಿತ ಆಗುತ್ತದೆ" ಅಂತಲೂ ನಂಬಿಸಬೇಕು. ಹಾಗಾಗಿ ಪ್ರಪೋಸಲ್‌ನಲ್ಲಿ ಒಂದೆರಡು ಆರಂಭದ ಗ್ರಾಫುಗಳು ಇರುತ್ತವೆ. ಗುಟ್ಟು ಹೇಳಬೇಕೆಂದರೆ, ಎಷ್ಟೋ ಸಲ ಮುಂದಿನ ಕೆಲಸದ ಒಂದು ಪಾಲು ಆಗಲೇ ಮುಗಿದಿರುತ್ತದೆ. ಹಳೇ ಅನುದಾನದ ಕೊನೇ ದಿನಗಳಲ್ಲಿ ಹೊಸದಕ್ಕೆ ಬೇಕಾದ ಪ್ರಯೋಗ ಮಾಡಿಟ್ಟುಕೊಳ್ಳೋದು ಈ ಲೋಕದಲ್ಲಿ ಎಲ್ಲರಿಗೂ ಗೊತ್ತಿರುವ ಜಾಣತನ.

ನಂತರ ಬಜೆಟ್ ಪುಟ. ಹೊರಗಿನವರು ಅಂದುಕೊಳ್ಳೋದು ದುಡ್ಡೆಲ್ಲ ಮೈಕ್ರೋಸ್ಕೋಪಿಗೆ ಹೋಗುತ್ತದೆ ಅಂತ. ನಮ್ಮ ಜೇನುನೊಣದ ಯೋಜನೆಯಲ್ಲಿ ನೇರ ಖರ್ಚು ನೂರು ಭಾಗ ಅಂದುಕೊಳ್ಳಿ. ಅದರಲ್ಲಿ ಅರವತ್ತಕ್ಕೂ ಜಾಸ್ತಿ ಮನುಷ್ಯರಿಗೇ: ಒಬ್ಬ ಪಿಎಚ್‌ಡಿ ವಿದ್ಯಾರ್ಥಿನಿಯ ಸ್ಟೈಪೆಂಡ್, ಒಬ್ಬ ಪೋಸ್ಟ್‌ಡಾಕ್ (ಪಿಎಚ್‌ಡಿ ಮುಗಿಸಿ ಬಂದ ಸಂಶೋಧಕ) ಸಂಬಳ, ಗೂಡು ನೋಡಿಕೊಳ್ಳುವ ಸಹಾಯಕರ ಸಂಬಳ. ಹದಿನೈದು ಭಾಗ ರಾಸಾಯನಿಕ, ಕೊಳವೆ, ಕೈಗವಸು, ಡಿಎನ್‌ಎ ಓದಿಸುವ ಶುಲ್ಕ. ಉಳಿದದ್ದರಲ್ಲಿ ಒಂದು ಸಲಕರಣೆ, ಓಡಾಟ, ಪ್ರಕಟಣೆಯ ಖರ್ಚು. ಅಂಕಿಗಳು ನಾನು ಇಟ್ಟವು, ಆದರೆ ಆಕಾರ ಹೆಚ್ಚುಕಡಿಮೆ ಹೀಗೇ ಇರುತ್ತದೆ. ಪಿಐ ಸಂಬಳ? ಬಹಳ ಕಡೆ ಅದನ್ನು ವಿಶ್ವವಿದ್ಯಾಲಯವೇ ಕೊಡುತ್ತದೆ. ಅಮೆರಿಕದಲ್ಲಿ ಮಾತ್ರ ಪಾಠವಿಲ್ಲದ ಬೇಸಿಗೆ ತಿಂಗಳುಗಳ ಸಂಬಳವನ್ನು ಅನುದಾನದಿಂದ ತೆಗೆದುಕೊಳ್ಳುವ ರೂಢಿ ಇದೆ. ಅಲ್ಲಿನ ಎಷ್ಟೋ ವೈದ್ಯಕೀಯ ಕಾಲೇಜುಗಳಲ್ಲಂತೂ ಸಂಬಳದ ದೊಡ್ಡ ಭಾಗವನ್ನೇ ಅನುದಾನದಿಂದ ತಂದುಕೊಳ್ಳಬೇಕು. ಅಂಥವರಿಗೆ ಪ್ರಪೋಸಲ್ ತಿರಸ್ಕಾರ ಅಂದರೆ ಬರೀ ಬೇಸರವಲ್ಲ, ಕೆಲಸಕ್ಕೇ ಕುತ್ತು.

ಓವರ್‌ಹೆಡ್ ಅನ್ನೋ ಜಗಳ

ಈ ನೂರು ಭಾಗದ ಮೇಲೆ ಇನ್ನೊಂದು ಪದರ ಇದೆ. ಪ್ರಯೋಗಾಲಯಕ್ಕೆ ಕರೆಂಟು ಬೇಕು, ನೀರು ಬೇಕು, ಕಟ್ಟಡ ಬೇಕು, ಬಳಸಿ ಬಿಟ್ಟ ರಾಸಾಯನಿಕವನ್ನು ಜೋಪಾನವಾಗಿ ವಿಲೇವಾರಿ ಮಾಡಬೇಕು, ಲೆಕ್ಕ ಬರೆಯೋಕೆ ಜನ ಬೇಕು. ಇವನ್ನು "ಜೇನುನೊಣದ ಯೋಜನೆಯದ್ದು ಇಷ್ಟು" ಅಂತ ಬಿಡಿಸಿ ಹೇಳೋಕಾಗಲ್ಲ. ಅದಕ್ಕೇ ನೇರ ಖರ್ಚಿನ ಮೇಲೆ ಶೇಕಡಾ ಇಷ್ಟು ಅಂತ ವಿಶ್ವವಿದ್ಯಾಲಯಕ್ಕೆ ಕೊಡುತ್ತಾರೆ. ಇದು ಓವರ್‌ಹೆಡ್, ಪರೋಕ್ಷ ವೆಚ್ಚ.

ಇಲ್ಲಿ ಒಂದು ಲೆಕ್ಕದಲ್ಲಿ ತುಂಬಾ ಜನ ಎಡವುತ್ತಾರೆ. ಓವರ್‌ಹೆಡ್ ದರ ಶೇ. 50 ಅಂದರೆ ಅನುದಾನದ ಅರ್ಧವನ್ನು ವಿಶ್ವವಿದ್ಯಾಲಯ ನುಂಗಿತು ಅಂತಲ್ಲ. ನೇರ ಖರ್ಚು 100 ಇದ್ದರೆ ಅದರ ಮೇಲೆ 50, ಒಟ್ಟು 150. ಅಂದರೆ ಒಟ್ಟಿನಲ್ಲಿ ಮೂರನೇ ಒಂದು ಭಾಗ. ಅದೂ ದೊಡ್ಡ ಯಂತ್ರ, ವಿದ್ಯಾರ್ಥಿಗಳ ಬೋಧನಾ ಶುಲ್ಕದಂಥ ಕೆಲವನ್ನು ಸಾಮಾನ್ಯವಾಗಿ ಬಿಟ್ಟು ಲೆಕ್ಕ ಹಾಕುವುದರಿಂದ, ನಿಜವಾದ ಪಾಲು ಇನ್ನೂ ಕಡಿಮೆ. ಯುರೋಪಿಯನ್ ಒಕ್ಕೂಟದ ಈಗಿನ ಯೋಜನೆಯಲ್ಲಿ ಎಲ್ಲರಿಗೂ ಒಂದೇ ದರ, ಶೇ. 25. ಅಮೆರಿಕದಲ್ಲಿ ಪ್ರತಿ ವಿಶ್ವವಿದ್ಯಾಲಯವೂ ಸರ್ಕಾರದ ಜೊತೆ ಕೂತು ತನ್ನ ದರ ನಿಗದಿ ಮಾಡಿಕೊಳ್ಳುತ್ತದೆ, ಶೇ. 50 ದಾಟಿದ ದರಗಳು ಅಲ್ಲಿ ಮಾಮೂಲು. 2025ರ ಫೆಬ್ರವರಿಯಲ್ಲಿ ಎನ್‌ಐಎಚ್ ಎಲ್ಲರಿಗೂ ಶೇ. 15 ಮಾತ್ರ ಅಂತ ಪ್ರಕಟಿಸಿದ್ದೇ ತಡ, ರಾಜ್ಯಗಳೂ ವಿಶ್ವವಿದ್ಯಾಲಯಗಳೂ ಕೋರ್ಟಿಗೆ ಹೋದವು, ಕೋರ್ಟು ತಡೆ ಹಾಕಿತು.

ಪಿಐಗಳಿಗೆ ಓವರ್‌ಹೆಡ್ ಕಂಡರೆ ಮೊದಲಿಂದಲೂ ಆಗಲ್ಲ. "ನಾನು ತಂದ ದುಡ್ಡಲ್ಲಿ ಇಷ್ಟು ಕಿತ್ಕೊಂಡ್ರು, ಆದ್ರೆ ಎಸಿ ರಿಪೇರಿಗೆ ಆರು ತಿಂಗಳು" ಅನ್ನೋ ಮಾತು ಯಾವ ಸ್ಟಾಫ್ ರೂಮಿನಲ್ಲೂ ಸಿಗುತ್ತದೆ. ಗೊಣಗಾಟದಲ್ಲಿ ನ್ಯಾಯ ಇದೆ. ಆದರೆ ಎಸಿ ಇರೋದೂ ಆ ದುಡ್ಡಿಂದಲೇ.

ವಿದ್ಯಾರ್ಥಿಗಳ ಪಾಲಿನ ಎರಡು ದಾರಿ

ಸುದ್ದಿಯಲ್ಲಿ ವಿದ್ಯಾರ್ಥಿಗಳ ಹೆಸರು ಬರೋದು ಕಡಿಮೆ. ಆದರೆ ಪ್ರಯೋಗ ಮಾಡೋದು, ರಾತ್ರಿ ಎರಡು ಗಂಟೆಗೆ ಎದ್ದುಹೋಗಿ ಮಾದರಿ ತೆಗೆಯೋದು ಹೆಚ್ಚಾಗಿ ಅವರೇ. ಅವರಿಗೆ ದುಡ್ಡು ಎರಡು ದಾರಿಯಲ್ಲಿ ಬರುತ್ತದೆ. ಈ ಎರಡರ ವ್ಯತ್ಯಾಸ ಪಿಎಚ್‌ಡಿಗೆ ಸೇರುವ ಮುಂಚೆಯೇ ಗೊತ್ತಿದ್ದರೆ ಒಳ್ಳೆಯದು.

ಮೊದಲನೇದು ಫೆಲೋಶಿಪ್. ಇದು ವಿದ್ಯಾರ್ಥಿಯ ಹೆಸರಿಗೇ ಬರುತ್ತದೆ. ಅವರೇ ಅರ್ಜಿ ಹಾಕಿ, ಅವರೇ ಗೆದ್ದದ್ದು. ಗೈಡ್ ಯಾರು, ವಿಷಯ ಏನು ಅನ್ನೋದರಲ್ಲಿ ಒಂದಿಷ್ಟು ಸ್ವಾತಂತ್ರ್ಯ ಇರುತ್ತದೆ. ಅಮೆರಿಕದ ನ್ಯಾಷನಲ್ ಸೈನ್ಸ್ ಫೌಂಡೇಶನ್ 1952ರಿಂದ ಇಂಥ ಫೆಲೋಶಿಪ್ ಕೊಡುತ್ತಾ ಬಂದಿದೆ. ಎರಡನೇದು ಗೈಡ್‌ನ ಯೋಜನೆಯೊಳಗಿನ ಹುದ್ದೆ. ದುಡ್ಡು ಜೇನುನೊಣದ ಅನುದಾನದ್ದು, ಹಾಗಾಗಿ ಕೆಲಸವೂ ಜೇನುನೊಣದ ಮೇಲೆಯೇ. ಚಿಟ್ಟೆಯ ಮೇಲೆ ಮನಸ್ಸಾದರೆ ಸುಮ್ನೆ ಇರಬೇಕು, ಇಲ್ಲವೇ ಬೇರೆ ದುಡ್ಡು ಹುಡುಕಬೇಕು.

ಎರಡಕ್ಕೂ ಒಂದೇ ಕಥೆಯಲ್ಲಿ ಉದಾಹರಣೆ ಸಿಗುತ್ತದೆ. 1990ರ ದಶಕದಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಡಿಜಿಟಲ್ ಗ್ರಂಥಾಲಯದ ಬಗ್ಗೆ ಒಂದು ದೊಡ್ಡ ಯೋಜನೆ ನಡೆಯುತ್ತಿತ್ತು. ದುಡ್ಡು ಬಂದದ್ದು ನ್ಯಾಷನಲ್ ಸೈನ್ಸ್ ಫೌಂಡೇಶನ್ ಮತ್ತು ಇತರ ಸರ್ಕಾರಿ ಸಂಸ್ಥೆಗಳಿಂದ. ಲ್ಯಾರಿ ಪೇಜ್ ಆ ಯೋಜನೆಯಲ್ಲಿದ್ದ ವಿದ್ಯಾರ್ಥಿ. ಅವರ ಜೊತೆಗಾರ ಸೆರ್ಗೇ ಬ್ರಿನ್‌ಗೆ ಇದ್ದದ್ದು ಅದೇ ಫೌಂಡೇಶನ್ನಿನ ಸ್ವತಂತ್ರ ಫೆಲೋಶಿಪ್. ಒಬ್ಬರು ಪ್ರಾಜೆಕ್ಟ್ ದುಡ್ಡಿನವರು, ಇನ್ನೊಬ್ಬರು ಫೆಲೋಶಿಪ್‌ನವರು. ಇಬ್ಬರೂ ಸೇರಿ ಮಾಡಿದ ಹುಡುಕಾಟದ ಕೆಲಸವೇ ಮುಂದೆ ಗೂಗಲ್ ಆಯಿತು.

ಪ್ರಾಜೆಕ್ಟ್ ದುಡ್ಡಿನ ದೊಡ್ಡ ತಲೆನೋವು ಅವಧಿಯದ್ದು. ಅನುದಾನ ಮೂರು ವರ್ಷಕ್ಕೆ, ಪಿಎಚ್‌ಡಿ ಮುಗಿಯೋದು ಐದಾರು ವರ್ಷಕ್ಕೆ. ನಡುವಿನ ಖಾಲಿ ಜಾಗವನ್ನು ಏನು ತುಂಬುತ್ತದೆ? ಗೈಡ್‌ಗೆ ಇನ್ನೊಂದು ಅನುದಾನ ಬಂದರೆ ಅದು. ಬರದಿದ್ದರೆ ಪಾಠ ಮಾಡುವ ಕೆಲಸ, ವಿಭಾಗದ ಸಣ್ಣ ನೆರವು, ಅದೂ ಇಲ್ಲದಿದ್ದರೆ ಮನೆಯವರ ಕೈ ನೋಡೋದು. ಸೇರುವ ಮುಂಚೆ ಗೈಡ್ ಹತ್ತಿರ "ಸರ್, ಈ ದುಡ್ಡು ಯಾವ ವರ್ಷದವರೆಗೆ ಇದೆ? ಆಮೇಲೆ ಏನು?" ಅಂತ ಕೇಳೋಕೆ ಬಹಳ ವಿದ್ಯಾರ್ಥಿಗಳಿಗೆ ಸಂಕೋಚ. ಕೇಳಲೇಬೇಕಾದ ಪ್ರಶ್ನೆ ಅದು. ಒಳ್ಳೇ ಗೈಡ್ ಬೇಜಾರು ಮಾಡಿಕೊಳ್ಳಲ್ಲ.

ಇವೆರಡರ ಆಚೆ ಚಿಲ್ಲರೆ ನೆರವುಗಳಿವೆ: ಸಮ್ಮೇಳನಕ್ಕೆ ಹೋಗಲು ಪ್ರಯಾಣದ ದುಡ್ಡು, ಕ್ಷೇತ್ರಕಾರ್ಯಕ್ಕೆ ಒಂದಿಷ್ಟು, ಪದವಿ ವಿದ್ಯಾರ್ಥಿಗಳಿಗೆ ಬೇಸಿಗೆ ರಜೆಯ ಸಂಶೋಧನೆ. ಮೊತ್ತ ಸಣ್ಣದು. ಆದರೆ ಅರ್ಜಿ ಬರೆದು ಅಭ್ಯಾಸವಾಗೋದು ಇಲ್ಲೇ.

ಬಾಗಿಲು ಮುಚ್ಚಿದ ಕೋಣೆ

ಅರ್ಜಿಗಳನ್ನು ಆರಿಸೋದು ಅಧಿಕಾರಿಗಳು ಅಂತ ಅನೇಕರು ಅಂದುಕೊಂಡಿದ್ದಾರೆ. ಅಂಕ ಕೊಡೋದು ಹೆಚ್ಚಾಗಿ ಅದೇ ಕ್ಷೇತ್ರದ ಬೇರೆ ಪ್ರಾಧ್ಯಾಪಕರು. ಇವತ್ತು ಅರ್ಜಿ ಹಾಕಿದವರು ಮುಂದಿನ ವರ್ಷ ಇನ್ನೊಬ್ಬರ ಅರ್ಜಿ ಓದುತ್ತಾರೆ.

ಎನ್‌ಐಎಚ್ ಪದ್ಧತಿ ನೋಡಿ. ಒಂದೊಂದು ಪ್ರಪೋಸಲ್ಲನ್ನು ಮೂರು ಜನರಾದರೂ ಕೂಲಂಕಷವಾಗಿ ಓದಿ 1ರಿಂದ 9ರವರೆಗೆ ಅಂಕ ಹಾಕುತ್ತಾರೆ. ಇಲ್ಲಿ 1 ಅತ್ಯುತ್ತಮ. ಸಭೆಗೆ ಮುಂಚೆ ಬಂದ ಅಂಕ ನೋಡಿ ಸುಮಾರು ಅರ್ಧದಷ್ಟು ಪ್ರಪೋಸಲ್‌ಗಳನ್ನು ಬದಿಗಿಡುತ್ತಾರೆ, ಅವು ಚರ್ಚೆಗೇ ಬರೋದಿಲ್ಲ. ಉಳಿದವು ಒಂದೊಂದಾಗಿ ಮೇಜಿಗೆ ಬರುತ್ತವೆ. ಅರ್ಜಿದಾರರ ಜೊತೆ ಕೆಲಸ ಮಾಡಿದವರು, ಅವರದೇ ಸಂಸ್ಥೆಯವರು ಎದ್ದು ಹೊರಗೆ ಹೋಗಬೇಕು. ಮೊದಲ ಓದುಗರು ಮಾತಾಡುತ್ತಾರೆ, ಎರಡನೆಯವರು "ನನಗೆ ನೊಣ ಎಣಿಸುವ ವಿಧಾನದ ಮೇಲೆ ನಂಬಿಕೆ ಇಲ್ಲ" ಅನ್ನುತ್ತಾರೆ, ಮೂರನೆಯವರು ಇಬ್ಬರ ನಡುವೆ ತೂಗುತ್ತಾರೆ. ಹತ್ತು ಹದಿನೈದು ನಿಮಿಷ. ಎಲ್ಲರೂ ಗುಟ್ಟಾಗಿ ಅಂಕ ಹಾಕುತ್ತಾರೆ, ಹೊರಗೆ ಹೋದವರನ್ನು ಕರೆಯುತ್ತಾರೆ, ಮುಂದಿನದು. ಒಬ್ಬರ ತಿಂಗಳುಗಟ್ಟಲೆ ದುಡಿಮೆಯ ಹಣೆಬರಹ ಆ ಹದಿನೈದು ನಿಮಿಷದಲ್ಲಿ.

ಇದು ಎಷ್ಟು ನಂಬಿಕಸ್ಥ? 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 43 ವಿಮರ್ಶಕರಿಗೆ ಎನ್‌ಐಎಚ್‌ನ 25 ಹಳೇ ಅರ್ಜಿಗಳನ್ನು ಹಂಚಿ ಅಂಕ ಹಾಕಿಸಿದರು. ಒಂದೇ ಅರ್ಜಿ ಓದಿದವರ ನಡುವೆ ಒಮ್ಮತ ಅನ್ನುವಂಥದ್ದು ಕಾಣಲೇ ಇಲ್ಲ. ಕೆಟ್ಟ ಅರ್ಜಿಗಳನ್ನು ಬೇರ್ಪಡಿಸೋದು ಸುಲಭ. ಒಳ್ಳೆಯದು ಮತ್ತು ಬಹಳ ಒಳ್ಳೆಯದರ ನಡುವೆ ಆರಿಸುವಾಗ ತಕ್ಕಡಿ ಅಲುಗಾಡುತ್ತದೆ. ಇದರ ಜೊತೆ ಪಕ್ಷಪಾತ ಬೇರೆ. ಸ್ವೀಡನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯ ಫೆಲೋಶಿಪ್ ಅಂಕಗಳನ್ನು 1997ರಲ್ಲಿ ಇಬ್ಬರು ಸಂಶೋಧಕಿಯರು ಬಗೆದು ನೋಡಿದರು. ಗಂಡಸರಷ್ಟೇ ಅಂಕ ಸಿಗಬೇಕಾದರೆ ಹೆಂಗಸರು ಎರಡೂವರೆ ಪಟ್ಟು ಹೆಚ್ಚು ಕೆಲಸ ತೋರಿಸಬೇಕಿತ್ತು. ಸಮಿತಿಯಲ್ಲಿ ಪರಿಚಯದವರಿದ್ದವರಿಗೂ ಅನುಕೂಲ ಆಗಿತ್ತು.

ಇನ್ನೊಂದು ಕಾಟ ಇದೆ, ಗೆದ್ದವರೇ ಗೆಲ್ಲುತ್ತಾ ಹೋಗೋದು. ನೆದರ್‌ಲ್ಯಾಂಡ್ಸ್‌ನಲ್ಲಿ ಯುವ ಸಂಶೋಧಕರ ಅನುದಾನಕ್ಕೆ ಅರ್ಜಿ ಹಾಕಿ, ಆಯ್ಕೆಯ ಗೆರೆಯ ಸ್ವಲ್ಪ ಮೇಲೆ ನಿಂತವರನ್ನೂ ಸ್ವಲ್ಪ ಕೆಳಗೆ ಬಿದ್ದವರನ್ನೂ ಹೋಲಿಸಿದಾಗ ಇದು ಚೆನ್ನಾಗಿ ಕಂಡಿತು. ಅಂಕದಲ್ಲಿ ವ್ಯತ್ಯಾಸ ಇಷ್ಟೇ ಇಷ್ಟು. ಆದರೆ ಮುಂದಿನ ಎಂಟು ವರ್ಷದಲ್ಲಿ ಗೆದ್ದವರು ತಂದ ಅನುದಾನ ಸೋತವರದ್ದಕ್ಕಿಂತ ಎರಡು ಪಟ್ಟಿಗೂ ಹೆಚ್ಚು. ಇದಕ್ಕೆ ಒಂದು ಕಾರಣ, ಸೋತವರು ಮತ್ತೆ ಅರ್ಜಿ ಹಾಕೋದೇ ಕಡಿಮೆಯಾಗುವುದು.

ಹಾಗಾದರೆ ಗೆರೆಯ ಹತ್ತಿರದಲ್ಲಿ ಚೀಟಿ ಎತ್ತಿದರೆ ಆಗಲ್ವಾ? ಆಗುತ್ತದೆ, ಎತ್ತುತ್ತಿದ್ದಾರೆ ಕೂಡ. ನ್ಯೂಜಿಲೆಂಡ್‌ನ ಆರೋಗ್ಯ ಸಂಶೋಧನಾ ಮಂಡಳಿ ಹೊಸ, ಸಾಹಸದ ಯೋಚನೆಗಳಿಗೆ ಕೊಡುವ ಅನುದಾನದಲ್ಲಿ 2013ರಿಂದ ಲಾಟರಿ ಶುರುಮಾಡಿತು. ಮೊದಲು ಯೋಗ್ಯತೆ ನೋಡೋದು, ಯೋಗ್ಯ ಅನಿಸಿದವರ ನಡುವೆ ಅದೃಷ್ಟ. ಜರ್ಮನಿಯ ಫೋಕ್ಸ್‌ವಾಗನ್ ಫೌಂಡೇಶನ್, ಬ್ರಿಟಿಷ್ ಅಕಾಡೆಮಿ ಕೂಡ ಈ ದಾರಿ ಹಿಡಿದು ನೋಡಿದವು. ನನಗಂತೂ ಇದು ಪ್ರಾಮಾಣಿಕ ಅನಿಸುತ್ತದೆ. ಹೇಗಿದ್ದರೂ ಅಲ್ಲಿ ಅದೃಷ್ಟ ಇದ್ದೇ ಇದೆ, ಅದನ್ನು ಅಂಕದ ವೇಷದಲ್ಲಿ ಕೂರಿಸೋದಕ್ಕಿಂತ ಚೀಟಿ ವಾಸಿ. ಸೋತವರಿಗೂ "ನಾನು ದಡ್ಡ" ಅನಿಸುವ ಬದಲು "ಚೀಟಿ ಬರಲಿಲ್ಲ" ಅಂತ ಸಮಾಧಾನ.

ಏಕೆಂದರೆ ಸೋಲುವವರೇ ಜಾಸ್ತಿ. ಆಸ್ಟ್ರೇಲಿಯಾದ ವೈದ್ಯಕೀಯ ಸಂಶೋಧನಾ ಮಂಡಳಿಗೆ 2012ರ ಸುತ್ತಿನಲ್ಲಿ ಸುಮಾರು 3,700 ಪ್ರಪೋಸಲ್‌ಗಳು ಬಂದವು. ಅವನ್ನು ಬರೆಯಲು ಹೋದ ಸಮಯವನ್ನೆಲ್ಲ ಕೂಡಿಸಿದರೆ ಸುಮಾರು 550 ವರ್ಷದ ದುಡಿಮೆ ಅಂತ ಒಂದು ಅಧ್ಯಯನ ಅಂದಾಜಿಸಿತು. ದುಡ್ಡು ಸಿಕ್ಕಿದ್ದು ಐದರಲ್ಲಿ ಒಂದಕ್ಕೆ.

ಗೆದ್ದ ಮೇಲೆ ಬರುವುದು ಲೆಕ್ಕದ ಕಾಲ. ದುಡ್ಡು ಬಹಳ ಕಡೆ ಕಂತಿನಲ್ಲಿ ಬರುತ್ತದೆ, ಹಿಂದಿನ ಕಂತಿನ ವರದಿ ಕೊಟ್ಟರೇನೇ ಮುಂದಿನದು. ಪ್ರಯಾಣದ ದುಡ್ಡಲ್ಲಿ ಫ್ರಿಜ್ ಕೊಳ್ಳೋಕಾಗಲ್ಲ, ಒಂದು ಬಾಬತ್ತಿನಿಂದ ಇನ್ನೊಂದಕ್ಕೆ ದುಡ್ಡು ಸರಿಸಬೇಕಾದರೆ ಅನುಮತಿ ಬೇಕಾಗಬಹುದು. ಪ್ರಯೋಗ ವಿಫಲವಾದರೆ ದುಡ್ಡು ವಾಪಸ್ ಕೊಡಬೇಕಾ? ಬೇಡ. ಹೇಳಿದ ಕೆಲಸಕ್ಕೆ ಖರ್ಚು ಮಾಡಿ, ಏನಾಯಿತು ಅಂತ ನೇರವಾಗಿ ಬರೆದರೆ ಸಾಕು. ಬೇರೆಯದಕ್ಕೆ ಖರ್ಚು ಮಾಡಿದರೆ, ಫಲಿತಾಂಶ ತಿರುಚಿದರೆ ಆಗ ಮಾತು ಬೇರೆ.

ಅನುದಾನ ಸಿಗದ ಕೆಲಸವೆಲ್ಲ ಜೊಳ್ಳು ಅಂತಲ್ಲ. ವಿಜ್ಞಾನಿ ಕ್ಯಾಟಲಿನ್ ಕಾರಿಕೊ, ಯಾವ ಪ್ರೋಟೀನ್ ಮಾಡಬೇಕು ಅಂತ ಜೀವಕೋಶಕ್ಕೆ ಹೇಳುವ ಎಂಆರ್‌ಎನ್‌ಎ ಅನ್ನೋ ಅಣುವಿನಿಂದ ಚಿಕಿತ್ಸೆ ಮಾಡಬಹುದು ಅಂತ ಬರೆದ ಅರ್ಜಿಗಳು ಒಂದರ ಮೇಲೊಂದು ವಾಪಸ್ ಬಂದವು. 1995ರಲ್ಲಿ ಅವರ ಹುದ್ದೆಯನ್ನೇ ಕೆಳಗಿಳಿಸಿದರು. ಅವರು ಬಿಡಲಿಲ್ಲ. ಡ್ರೂ ವೈಸ್‌ಮನ್ ಜೊತೆ ಮಾಡಿದ ಕೆಲಸ 2005ರಲ್ಲಿ ಪ್ರಕಟವಾಯಿತು, ಕೋವಿಡ್ ಲಸಿಕೆಗೆ ದಾರಿಯಾಯಿತು, 2023ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಸಿಕ್ಕಿದ ಅನುದಾನ ಎಲ್ಲಿಗೆ ಹೋಗಿ ಮುಟ್ಟುತ್ತದೆ ಅನ್ನೋದೂ ಕೊಟ್ಟವರಿಗೆ ಗೊತ್ತಿರಲ್ಲ. 1960ರ ದಶಕದಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯದ ಥಾಮಸ್ ಬ್ರಾಕ್ ಅವರ ಪ್ರಶ್ನೆ ತೀರಾ ಸರಳ: ಯೆಲ್ಲೋಸ್ಟೋನ್‌ನ ಬಿಸಿನೀರಿನ ಬುಗ್ಗೆಗಳಲ್ಲಿ ಏನು ಬದುಕುತ್ತದೆ? ದುಡ್ಡು ನ್ಯಾಷನಲ್ ಸೈನ್ಸ್ ಫೌಂಡೇಶನ್ನಿನದು. ಜೊತೆಗಿದ್ದದ್ದು ಇನ್ನೂ ಪದವಿ ಓದುತ್ತಿದ್ದ ಹಡ್ಸನ್ ಫ್ರೀಝ್. 1966ರಲ್ಲಿ ತಂದ ಮಾದರಿಗಳಿಂದ, ಸುಮಾರು 70 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಆರಾಮಾಗಿ ಬೆಳೆಯುವ ಒಂದು ಬ್ಯಾಕ್ಟೀರಿಯಾವನ್ನು ಆ ಹುಡುಗ ಪ್ರಯೋಗಾಲಯದಲ್ಲಿ ಬೆಳೆಸಿದ. ಅದಕ್ಕೆ ಥರ್ಮಸ್ ಅಕ್ವಾಟಿಕಸ್ ಅಂತ ಹೆಸರಿಟ್ಟು 1969ರಲ್ಲಿ ಪ್ರಬಂಧ ಬರೆದರು. ಯಾರಿಗಾದರೂ ಬೇಕಾದೀತು ಅಂತ ಒಂದು ಮಾದರಿಯನ್ನು ಸಾರ್ವಜನಿಕ ಸಂಗ್ರಹಕ್ಕೆ ಕೊಟ್ಟರು. ಅದು ಅಲ್ಲೇ ಕಾದಿತ್ತು. ವಿಜ್ಞಾನಿ ಕ್ಯಾರಿ ಮಲ್ಲಿಸ್ 1983ರಲ್ಲಿ ಪಿಸಿಆರ್, ಅಂದರೆ ಬಿಸಿ ಮಾಡಿ ತಣಿಸುವ ಸುತ್ತುಗಳಲ್ಲಿ ಡಿಎನ್‌ಎಯ ಒಂದು ತುಣುಕನ್ನು ಲೆಕ್ಕವಿಲ್ಲದಷ್ಟು ಪ್ರತಿ ಮಾಡುವ ವಿಧಾನ ಯೋಚಿಸಿದಾಗ, ಪ್ರತಿ ಸುತ್ತಿನ ಬಿಸಿಗೂ ಕಿಣ್ವ ಹಾಳಾಗಿ ಹೊಸದಾಗಿ ಸುರಿಯಬೇಕಿತ್ತು. ಬಿಸಿ ತಡೆಯುವ ಕಿಣ್ವ ಬೇಕಾಯಿತು, ಈ ಬ್ಯಾಕ್ಟೀರಿಯಾದಲ್ಲಿ ಸಿಕ್ಕಿತು. ಬ್ರಾಕ್ ಅವರ ಪ್ರಪೋಸಲ್‌ನಲ್ಲಿ ಪಿಸಿಆರ್ ಬಗ್ಗೆ ಒಂದು ಸಾಲೂ ಇದ್ದಿರಲಾರದು. ಆ ಪದ ಹುಟ್ಟೋಕೆ ಇನ್ನೂ ಹದಿನೈದಿಪ್ಪತ್ತು ವರ್ಷ ಬಾಕಿ ಇತ್ತು.